ಹಳೆ ಬ್ಯಾಕಪ್ ಸರ್ವರ್ ಬಿಚ್ಚುವ ಮುಂಚೆ: ಹಳೆ ಡೇಟಾ ವಾಪಸ್ ತೆಗೆಯಲು ಯಾವ ದಾರಿ ಹಿಡಿಯಬೇಕು?

"ಸಾರ್, ಒಂದು ಸಣ್ಣ ಕೆಲಸ ಇತ್ತು" ಎಂದು ಅಕೌಂಟ್ಸ್ ಮೇಡಂ ಫೋನ್ ಮಾಡಿದಾಗ ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಟೀ ಕುಡಿಯುತ್ತಿದ್ದೆ. ಮಂಡ್ಯ ಯೂನಿಟ್‌ನ 2018-19ರ ಪರ್ಚೇಸ್ ಲೆಡ್ಜರ್ ಬೇಕಂತೆ. ಆಡಿಟರ್ ಕೇಳಿದ್ದಾರೆ. "ಬ್ಯಾಕಪ್‌ನಿಂದ ತೆಗೆದುಕೊಟ್ಟರೆ ಸಾಕು ಸಾರ್, ಸಂಜೆಯೊಳಗೆ."

ಮಂಡ್ಯದ ಬ್ಯಾಕಪ್ ಸರ್ವರನ್ನು ನಾವು ಎಂಟು ತಿಂಗಳ ಹಿಂದೆಯೇ ಗುಜರಿಗೆ ಹಾಕಿದ್ದೆವು. ಮೈಸೂರು, ಮಂಡ್ಯ, ನಂಜನಗೂಡು, ಮೂರು ಕಡೆ ಮೂರು ಬ್ಯಾಕಪ್ ಸರ್ವರ್ ಯಾಕೆ, ಮೈಸೂರಿನಲ್ಲಿ ಒಂದೇ ಇದ್ದರೆ ಸಾಲದಾ ಎಂದು ತೀರ್ಮಾನವಾಗಿತ್ತು. ಮೊದಲು ಬಿಚ್ಚಿದ್ದು ಮಂಡ್ಯದ್ದು. ಟೇಪುಗಳನ್ನು ಮಾತ್ರ ಎಸೆದಿರಲಿಲ್ಲ. ನಲವತ್ತು ಎಲ್‌ಟಿಒ-4 ಟೇಪು (ಬ್ಯಾಕಪ್ ಬರೆಯುವ ಮ್ಯಾಗ್ನೆಟಿಕ್ ಟೇಪಿನ ನಾಲ್ಕನೇ ತಲೆಮಾರು), ನಂಬರ್ ಚೀಟಿ ಅಂಟಿಸಿಕೊಂಡು ಬೀರುವಿನಲ್ಲಿ ಭದ್ರವಾಗಿ ಕೂತಿದ್ದವು. "ಟೇಪ್ ಇದೆಯಲ್ಲ, ಇನ್ನೇನು" ಎಂದು ಎಲ್ಲರೂ ಅಂದುಕೊಂಡಿದ್ದೆವು. ನಾನೂ ಅಂದುಕೊಂಡಿದ್ದೆ.

ಆ ಒಂದು ಲೆಡ್ಜರ್ ಕೈಗೆ ಬರಲು ಹನ್ನೊಂದು ದಿನ ಹಿಡಿಯಿತು. ಟೇಪ್ ಓದುವ ಡ್ರೈವ್ ಸರ್ವರ್ ಜೊತೆಗೇ ಹೋಗಿತ್ತು. ಪರಿಚಯದವರೊಬ್ಬರ ಹತ್ತಿರ ಹಳೆಯ ಎಲ್‌ಟಿಒ-5 ಡ್ರೈವ್ ಸಿಕ್ಕಿತು. ಆಮೇಲೆ ಆ ಟೇಪ್ ಬರೆದಿದ್ದ ಸಾಫ್ಟ್‌ವೇರ್ ಬ್ಯಾಕಪ್ ಎಕ್ಸೆಕ್‌ನ ಹಳೆ ಸಿಡಿ ಹುಡುಕಿದೆವು. ಯಾವ ಟೇಪಿನಲ್ಲಿ ಯಾವ ತಿಂಗಳಿನದು ಇದೆ ಎಂದು ಗೊತ್ತಿರಲಿಲ್ಲ. ಒಂದೊಂದೇ ಹಾಕಿ ಓದಿಸಿದೆವು. ಸರಿಯಾದ ಟೇಪ್ ಸಿಕ್ಕಿತು ಅನ್ನುವಾಗ ಅದು ಪಾಸ್‌ಫ್ರೇಸ್ ಕೇಳಿತು. ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡೇಟಾಗೆ ಬೀಗ) ಹಾಕಿದ್ದೇ ಯಾರಿಗೂ ನೆನಪಿಲ್ಲ. ಕೊನೆಗೆ ಅದು ಸಿಕ್ಕಿದ್ದು ಯುಪಿಎಸ್ ಮ್ಯಾನ್ಯುಯಲ್‌ನ ರಟ್ಟಿನ ಒಳಬದಿಯಲ್ಲಿ. ಹಿಂದಿದ್ದ ಎಂಜಿನಿಯರ್ ಪೆನ್ಸಿಲ್‌ನಲ್ಲಿ ಗೀಚಿಟ್ಟಿದ್ದರು. ಅವರ ಹೊಟ್ಟೆ ತಣ್ಣಗಿರಲಿ.

ನಂಜನಗೂಡಿನ ಸರ್ವರ್, ಮೈಸೂರಿನ ಹಳೆ ಸರ್ವರ್ ಎರಡೂ ಇನ್ನೂ ಬಿಚ್ಚಿರಲಿಲ್ಲ, ಪುಣ್ಯ. ಅವನ್ನು ಮುಟ್ಟುವ ಮುಂಚೆ ಕೂತು, ಇರುವ ದಾರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ನೀವೂ ಇದೇ ಕೆಲಸಕ್ಕೆ ಕೈ ಹಾಕುತ್ತಿದ್ದರೆ ಆ ಲೆಕ್ಕಾಚಾರ ಉಪಯೋಗಕ್ಕೆ ಬರಬಹುದು.

ಬ್ಯಾಕಪ್ ಅಂದರೆ ಟೇಪ್ ಅಷ್ಟೇ ಅಲ್ಲ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೋಡಿದ್ದೀರಲ್ಲ? ಕಡತದ ಕಂತೆಗಳು ಸೂರಿನವರೆಗೆ ಇರುತ್ತವೆ. ಇಂಡೆಕ್ಸ್ ಪುಸ್ತಕ ಕಳೆದುಹೋದರೆ ನಿಮ್ಮ ಪಹಣಿ ಅಲ್ಲೇ ಇದ್ದರೂ ಇಲ್ಲದ ಹಾಗೆ. ಬ್ಯಾಕಪ್‌ನಲ್ಲಿ ಆ ಪುಸ್ತಕಕ್ಕೆ ಕ್ಯಾಟಲಾಗ್ ಅನ್ನುತ್ತಾರೆ. ಯಾವ ಫೈಲು, ಯಾವ ದಿನದ್ದು, ಯಾವ ಟೇಪಿನ ಯಾವ ಜಾಗದಲ್ಲಿದೆ ಎಂಬುದು ಅದರಲ್ಲಿರುತ್ತದೆ. ಇದು ಸಾಮಾನ್ಯವಾಗಿ ಬ್ಯಾಕಪ್ ಸರ್ವರ್‌ನ ಸ್ವಂತ ಡಿಸ್ಕಿನಲ್ಲೇ ಇರುತ್ತದೆ. ಸರ್ವರ್ ಗುಜರಿಗೆ ಹೋದರೆ ಇದೂ ಹೋಯಿತು.

ಕ್ಯಾಟಲಾಗ್ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಸಾಫ್ಟ್‌ವೇರ್ ಮೇಲೆ ಹೋಗುತ್ತದೆ. ಬ್ಯಾಕಪ್ ಎಕ್ಸೆಕ್, ನೆಟ್‌ಬ್ಯಾಕಪ್, ಬಾಕ್ಯುಲಾ ಇವೆಲ್ಲ ಟೇಪನ್ನು ಮತ್ತೆ ಓದಿ ಕ್ಯಾಟಲಾಗ್ ಕಟ್ಟಿಕೊಳ್ಳಬಲ್ಲವು. ನಿಧಾನ, ಆದರೆ ಆಗುತ್ತದೆ. ಐಬಿಎಮ್‌ನ ಹಳೆ ಟಿವೋಲಿ, ಅಂದರೆ ಆಮೇಲೆ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಎಂದು ಹೆಸರು ಬದಲಾದದ್ದು, ಆ ಜಾತಿಯದಲ್ಲ. ಅದರ ಡೇಟಾಬೇಸ್ ಹೋದರೆ ಸ್ಟೋರೇಜ್ ಪೂಲಿನ ಟೇಪುಗಳಿಂದ ಏನೂ ಬರುವುದಿಲ್ಲ. ನಿಮ್ಮಲ್ಲಿ ಅದಿದ್ದರೆ ಸರ್ವರ್ ಇನ್ನೂ ಬದುಕಿರುವಾಗಲೇ ಒಂದೊಂದು ಯಂತ್ರದ (ನೋಡ್) ಡೇಟಾವನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆಮೇಲೆ ಅತ್ತರೆ ಕೇಳುವವರಿಲ್ಲ.

ಎರಡನೆಯದು ಡ್ರೈವ್. ಎಲ್‌ಟಿಒ ಡ್ರೈವ್ ತನಗಿಂತ ಎರಡು ತಲೆಮಾರು ಹಿಂದಿನ ಟೇಪಿನವರೆಗೆ ಓದುತ್ತದೆ ಎಂಬ ನಿಯಮ ಎಲ್‌ಟಿಒ-7ರವರೆಗೆ ನಡೆದುಕೊಂಡು ಬಂತು. ಎಲ್‌ಟಿಒ-8 ಬಂದಾಗ ಅದು ಮುರಿಯಿತು. ಅದು ಓದುವುದು 7 ಮತ್ತು 8 ಮಾತ್ರ. ಅಂದರೆ ಎಲ್‌ಟಿಒ-4 ಟೇಪಿಗೆ 4, 5 ಅಥವಾ 6ರ ಡ್ರೈವೇ ಬೇಕು. ಹೊಸ ಡ್ರೈವ್ ತಂದರೆ ಹಳೆಯದನ್ನೂ ಓದುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ನಂಬರಿನ ಡ್ರೈವ್, ಯಾವ ನಂಬರಿನ ಟೇಪ್ ಎಂದು ಕೇಳಿ.

ಉಳಿದದ್ದು ಕೀಲಿ ಮತ್ತು ಲಾಗಿನ್. ಎಲ್‌ಟಿಒ-4ರಿಂದ ಡ್ರೈವಿನಲ್ಲೇ ಎನ್‌ಕ್ರಿಪ್ಷನ್ ಬಂತು. ಪಾಸ್‌ಫ್ರೇಸ್ ಕಳೆದುಹೋದರೆ ತಯಾರಿಸಿದ ಕಂಪನಿಯವರೂ ತೆಗೆಯಲಾರರು. ಲಾಗಿನ್ ವಿಷಯ ಕೆಳಗೆ ಹೇಳುತ್ತೇನೆ.

ಎಷ್ಟು ವರ್ಷ, ಎಷ್ಟು ಸಲ?

ದಾರಿ ಆರಿಸುವ ಮುಂಚೆ ಅಕೌಂಟ್ಸ್‌ನವರ ಹತ್ತಿರ ಹೋಗಿ. ಐಟಿಯವರು ತಾವೇ ತೀರ್ಮಾನ ಮಾಡುವ ವಿಷಯ ಇದಲ್ಲ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಹಿಂದಿನ ಎಂಟು ಹಣಕಾಸು ವರ್ಷಗಳವರೆಗೆ ಇಡಬೇಕು. ಜಿಎಸ್‌ಟಿಯಲ್ಲಿ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. ಅಪೀಲು, ತನಿಖೆ ಏನಾದರೂ ನಡೆಯುತ್ತಿದ್ದರೆ ಅದು ಮುಗಿದ ಮೇಲೆ ಇನ್ನೊಂದು ವರ್ಷ, ಅಥವಾ ಈ 72 ತಿಂಗಳು, ಯಾವುದು ತಡವೋ ಅದು. 2018-19ರ ರಿಟರ್ನ್‌ನ ಗಡುವನ್ನು 2020ರ ಡಿಸೆಂಬರ್ 31ರವರೆಗೆ ಮುಂದೂಡಿದ್ದರು. ಹಾಗಾಗಿ ಆ ವರ್ಷದ ಜಿಎಸ್‌ಟಿ ಲೆಕ್ಕ 2026ರ ಡಿಸೆಂಬರ್ ಕೊನೆಯವರೆಗೆ ಬೇಕು. ಕಂಪನಿ ಕಾಯ್ದೆಯ ಲೆಕ್ಕದಲ್ಲಿ 2027ರ ಮಾರ್ಚ್ 31ರವರೆಗೆ.

ಇನ್ನೊಂದು ಪ್ರಶ್ನೆ, ಎಷ್ಟು ಸಲ ಕೇಳುತ್ತಾರೆ ಅನ್ನುವುದು. ನಮ್ಮ ಹಳೆ ಕಾಲ್ ರಿಜಿಸ್ಟರ್ ತೆಗೆದು ನೋಡಿದೆ. ಎರಡು ವರ್ಷಕ್ಕಿಂತ ಹಳೆಯದನ್ನು ಕೇಳಿದವರು ಅಕೌಂಟ್ಸ್ ಮತ್ತು ಪಿಎಫ್ ನೋಡಿಕೊಳ್ಳುವವರು ಮಾತ್ರ. ಡ್ರಾಯಿಂಗ್ ಫೈಲು ಒಮ್ಮೆ. ಹಳೆ ಇ-ಮೇಲ್ ಯಾರೂ ಕೇಳಿರಲಿಲ್ಲ. ನಾಲ್ಕು ಫೈಲಿಗೋಸ್ಕರ ನಲವತ್ತು ಟೇಪನ್ನು ಸಾಕಬೇಕಾ ಎಂಬ ಯೋಚನೆ ಆಗಲೇ ಶುರುವಾಯಿತು.

ಹಳೆ ಸರ್ವರನ್ನೇ ಇಟ್ಟುಕೊಳ್ಳುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆಫ್ ಮಾಡಿ ಮೂಲೆಗಿಟ್ಟರೆ ಆಯಿತು, ಬೇಕಾದಾಗ ಆನ್ ಮಾಡೋಣ.

ಆರು ತಿಂಗಳಿಗೆ ಒಳ್ಳೆಯ ದಾರಿ. ಮೂರು ವರ್ಷಕ್ಕೆ ನಾನು ನಂಬುವುದಿಲ್ಲ. ಸುಮ್ನೆ ಕೂತ ಯಂತ್ರವೂ ಹಾಳಾಗುತ್ತದೆ. ಮದರ್‌ಬೋರ್ಡಿನ ಬಟನ್ ಸೆಲ್ ಇಳಿದು ಗಡಿಯಾರ ತಪ್ಪುತ್ತದೆ. ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ರೇಡ್ ಕಾರ್ಡಿನ ಬ್ಯಾಟರಿ ಸಾಯುತ್ತದೆ. ಡಿಸ್ಕ್ ತಿರುಗಲು ಒಪ್ಪುವುದಿಲ್ಲ. ಇಷ್ಟೆಲ್ಲ ದಾಟಿ ಆನ್ ಆದರೂ ಒಳಗೆ ಹೋಗಲು ಬಿಡಬೇಕಲ್ಲ? ಸರ್ವರ್‌ಗಳನ್ನು ಒಂದುಗೂಡಿಸುವಾಗ ಎಷ್ಟೋ ಕಡೆ ಹಳೆ ಡೊಮೇನನ್ನೂ (ಆಫೀಸಿನ ಲಾಗಿನ್‌ಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ತೆಗೆದುಹಾಕಿರುತ್ತಾರೆ. ಬ್ಯಾಕಪ್ ಸರ್ವಿಸ್ ಓಡುತ್ತಿದ್ದದ್ದು ಆ ಡೊಮೇನಿನ ಅಕೌಂಟಿನಲ್ಲಿ. ಡೊಮೇನ್ ಇಲ್ಲ, ಅಕೌಂಟ್ ಇಲ್ಲ, ಸರ್ವಿಸ್ ಏಳುವುದಿಲ್ಲ. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಬರೆದಿಟ್ಟು, ಸರ್ವಿಸನ್ನು ಲೋಕಲ್ ಅಕೌಂಟಿಗೆ ಬದಲಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು ಒಮ್ಮೆ ಓಡಿಸಿ ನೋಡಿದ ಮೇಲೆಯೇ ಮೂಲೆಗಿಡಿ.

ಆಫ್ ಮಾಡದೆ ಓಡಿಸುತ್ತಲೇ ಇಟ್ಟರೆ? 300 ವ್ಯಾಟ್ ಎಳೆಯುವ ಸರ್ವರ್ ದಿನಕ್ಕೆ 7.2 ಯೂನಿಟ್, ವರ್ಷಕ್ಕೆ 2,628 ಯೂನಿಟ್ ತಿನ್ನುತ್ತದೆ. ಎಸಿ, ಯುಪಿಎಸ್ ಬೇರೆ. ಚೆಸ್ಕಾಂ ಬಿಲ್ ನೋಡುವವರು ಒಂದಲ್ಲ ಒಂದು ದಿನ "ಇದು ಯಾಕೆ ಓಡ್ತಿದೆ?" ಎಂದು ಕೇಳಿಯೇ ಕೇಳುತ್ತಾರೆ. ಅದರ ಜೊತೆಗೆ ವಿಂಡೋಸ್ ಸರ್ವರ್ 2008 ಆರ್2ಗೆ ಮಾಮೂಲಿ ಸಪೋರ್ಟ್ 2020ರ ಜನವರಿಯಲ್ಲೇ ಮುಗಿದಿದೆ, 2012 ಆರ್2ಗೆ 2023ರ ಅಕ್ಟೋಬರ್‌ನಲ್ಲಿ. ಅಂಥ ಯಂತ್ರ, ಅದರಲ್ಲೂ ಬ್ಯಾಕಪ್ ಇರುವ ಯಂತ್ರ, ಆಫೀಸಿನ ನೆಟ್‌ವರ್ಕಿನಲ್ಲಿ ಇರುವುದು ರ‍್ಯಾನ್ಸಮ್‌ವೇರ್‌ಗೆ ಬಾಗಿಲು ತೆರೆದಿಟ್ಟ ಹಾಗೆ.

ವರ್ಚುವಲ್ ಮಷೀನ್ ಮಾಡಿಕೊಳ್ಳುವುದು

ವರ್ಚುವಲ್ ಮಷೀನ್ ಅಂದರೆ ಇನ್ನೊಂದು ಕಂಪ್ಯೂಟರಿನೊಳಗೆ ಬರೀ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್. ಬ್ಯಾಕಪ್ ಡಿಸ್ಕಿನ ಮೇಲಿದ್ದರೆ ನನಗೆ ಇದೇ ಇಷ್ಟ. ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಎಂಬ ಪುಟ್ಟ ಉಚಿತ ಟೂಲ್ ಓಡುತ್ತಿರುವ ವಿಂಡೋಸ್ ಸರ್ವರನ್ನೇ ವರ್ಚುವಲ್ ಡಿಸ್ಕಾಗಿ ಮಾಡಿಕೊಡುತ್ತದೆ. ಕ್ಯಾಟಲಾಗ್, ಕೀಲಿ, ಸಾಫ್ಟ್‌ವೇರ್‌ನ ಅದೇ ಆವೃತ್ತಿ ಎಲ್ಲವೂ ಒಂದೇ ಗಂಟಿನಲ್ಲಿ ಬರುತ್ತವೆ. ಬೇಕಾದಾಗ ಎಬ್ಬಿಸು, ಕೆಲಸ ಮುಗಿದ ಮೇಲೆ ಮಲಗಿಸು. ಕಬ್ಬಿಣ ಹಾಳಾಗುವ ಭಯವಿಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ. ಇದರಲ್ಲಿ ಬಿದ್ದವರು ಜಾಸ್ತಿ. ಬ್ಯಾಕಪ್ ಸಾಫ್ಟ್‌ವೇರ್‌ಗಳು ಅವಧಿ ಮುಗಿದ ಸೆಟ್‌ಗಳನ್ನು ತಾವೇ ಗುಡಿಸಿ ಹಾಕುತ್ತವೆ. ಸೆಟ್ ಅಂದರೆ ಒಂದು ಸಲ ತೆಗೆದ ಬ್ಯಾಕಪ್. ಬ್ಯಾಕಪ್ ಎಕ್ಸೆಕ್‌ನ ಈಚಿನ ಆವೃತ್ತಿಗಳು ಡಿಸ್ಕಿನ ಮೇಲಿನ ಹಳೆ ಸೆಟ್‌ಗಳನ್ನು ಹೀಗೆ ಅಳಿಸುತ್ತವೆ. ನೆಟ್‌ಬ್ಯಾಕಪ್ ಕೂಡ ಅವಧಿ ಮುಗಿದ ಇಮೇಜುಗಳನ್ನು (ಅದು ಸೆಟ್‌ಗೆ ಇಟ್ಟ ಹೆಸರು) ಕ್ಯಾಟಲಾಗ್‌ನಿಂದ ತೆಗೆಯುತ್ತದೆ. ಇದು ತಪ್ಪಲ್ಲ, ಅದರ ಕೆಲಸವೇ ಅದು. ಒಂದು ವರ್ಷ ಮಲಗಿದ್ದ ಸರ್ವರನ್ನು ನೀವು ಎಬ್ಬಿಸಿದಿರಿ ಅನ್ನಿ. ಅದು ಮೊದಲು ಗಡಿಯಾರ ನೋಡುತ್ತದೆ. ಅಯ್ಯೋ, ಇಷ್ಟೊಂದು ಸೆಟ್‌ಗಳ ಅವಧಿ ಮುಗಿದಿದೆಯಲ್ಲ ಅಂದುಕೊಂಡು, ನೀವು ರಿಸ್ಟೋರ್ ವಿಂಡೋ ತೆರೆಯುವಷ್ಟರಲ್ಲಿ ಪೊರಕೆ ಹಿಡಿದು ನಿಲ್ಲುತ್ತದೆ. ನಿಮಗೆ ಬೇಕಾದದ್ದು ಕಣ್ಣೆದುರೇ ಗುಡಿಸಿಕೊಂಡು ಹೋಗುತ್ತದೆ.

ಅದಕ್ಕೇ ಮಲಗಿಸುವ ಮುಂಚೆಯೇ ಬೇಕಾದ ಸೆಟ್‌ಗಳ ಅವಧಿಯನ್ನು ಮುಂದಕ್ಕೆ ಹಾಕಿ, ಅಥವಾ ಅಳಿಸದಂತೆ ಹಿಡಿದಿಡಿ. ಎಲ್ಲ ಶೆಡ್ಯೂಲ್ ಜಾಬ್‌ಗಳನ್ನೂ ನಿಲ್ಲಿಸಿ. ಇಲ್ಲದಿದ್ದರೆ ಎದ್ದ ಕೂಡಲೇ ರಾತ್ರಿಯ ಬ್ಯಾಕಪ್ ಶುರು ಮಾಡಿ ಹಳೆಯದರ ಮೇಲೆ ಬರೆದರೂ ಬರೆದೀತು. ಬ್ಯಾಕಪ್ ಡೇಟಾ ಇರುವ ಡಿಸ್ಕಿನ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಎಬ್ಬಿಸುವಾಗ ವರ್ಚುವಲ್ ನೆಟ್‌ವರ್ಕ್ ಕಾರ್ಡ್ ಕಿತ್ತಿರಲಿ.

ಟೇಪಿನ ಬ್ಯಾಕಪ್‌ಗೆ ಈ ದಾರಿ ಅರ್ಧ ಮಾತ್ರ ಸರಿ. ಕ್ಯಾಟಲಾಗ್ ಉಳಿಯುತ್ತದೆ, ಯಾವ ಟೇಪ್ ಬೇಕು ಎಂದು ಗೊತ್ತಾಗುತ್ತದೆ. ಅಷ್ಟೇ ದೊಡ್ಡ ಉಪಕಾರ. ಆದರೆ ಟೇಪ್ ಡ್ರೈವನ್ನು ವರ್ಚುವಲ್ ಮಷೀನ್‌ಗೆ ತೋರಿಸುವುದು ತಲೆನೋವಿನ ಕೆಲಸ. ಆಗುವುದೇ ಇಲ್ಲ ಅಂತಲ್ಲ. ಆದರೆ ಆಡಿಟರ್ ಕಾಯುತ್ತಿರುವಾಗ ಕಲಿಯುವ ವಿದ್ಯೆ ಅಲ್ಲ.

ಹೊಸ ಸರ್ವರ್‌ಗೆ ಇಂಪೋರ್ಟ್ ಮಾಡುವುದು

ಹಳೆಯದೂ ಹೊಸದೂ ಒಂದೇ ಸಾಫ್ಟ್‌ವೇರ್ ಆದರೆ ಇದು ನೇರ ದಾರಿ. ಬ್ಯಾಕಪ್ ಎಕ್ಸೆಕ್‌ನಲ್ಲಿ ಮೊದಲು ಇನ್ವೆಂಟರಿ (ಹಾಕಿದ್ದು ಯಾವ ಟೇಪ್ ಎಂದು ಗುರುತಿಸುವುದು), ಆಮೇಲೆ ಕ್ಯಾಟಲಾಗ್. ನೆಟ್‌ಬ್ಯಾಕಪ್‌ನಲ್ಲಿ ಎರಡು ಹಂತದ ಇಂಪೋರ್ಟ್. ನೆಟ್‌ಬ್ಯಾಕಪ್‌ನಲ್ಲಿ ಒಂದು ಮಾತು ನೆನಪಿಡಿ: ಇಂಪೋರ್ಟ್ ಆದ ಇಮೇಜಿನ ಅವಧಿ ಇಂಪೋರ್ಟ್ ಮಾಡಿದ ದಿನದಿಂದ ಮತ್ತೆ ಎಣಿಕೆಯಾಗುತ್ತದೆ. ಏಳು ವರ್ಷದ ರಿಟೆನ್ಷನ್ (ಇಟ್ಟುಕೊಳ್ಳುವ ಅವಧಿ) ಇದ್ದದ್ದು ಇನ್ನೂ ಏಳು ವರ್ಷ ಕೂರುತ್ತದೆ.

ವೀಮ್ ಬ್ಯಾಕಪ್ ಆದರೆ ಇನ್ನೂ ಸಲೀಸು. ವಿಬಿಕೆ (ಪೂರ್ತಿ ಬ್ಯಾಕಪ್), ವಿಐಬಿ (ಆಮೇಲಿನ ಬದಲಾವಣೆ), ವಿಬಿಎಮ್ (ಅವುಗಳ ವಿವರ) ಫೈಲುಗಳನ್ನು ಹೊಸ ಕಡೆಗೆ ನಕಲು ಮಾಡಿ ಇಂಪೋರ್ಟ್ ಕೊಟ್ಟರೆ ಪಟ್ಟಿಯಲ್ಲಿ ಬರುತ್ತದೆ. ನಕಲು ಮಾಡುವಾಗ ಮಧ್ಯದ ಒಂದು ವಿಐಬಿ ಬಿಟ್ಟುಹೋದರೆ ಅದರಾಚೆಗಿನ ದಿನಗಳು ಬರುವುದಿಲ್ಲ, ಅದೊಂದು ಎಚ್ಚರ. ಎನ್‌ಕ್ರಿಪ್ಟ್ ಆಗಿದ್ದರೆ ಪಾಸ್‌ವರ್ಡ್ ಬೇಕು. ಬಾಕ್ಯುಲಾ ಈ ವಿಷಯದಲ್ಲಿ ಬಲು ಧಾರಾಳಿ. ಬಿಸ್ಕ್ಯಾನ್ ಎಂಬ ಟೂಲ್ ವಾಲ್ಯೂಮ್ (ಬ್ಯಾಕಪ್ ಬರೆದ ಟೇಪ್ ಅಥವಾ ಡಿಸ್ಕ್ ಫೈಲು) ಓದಿ ಕ್ಯಾಟಲಾಗ್ ಮತ್ತೆ ಕಟ್ಟುತ್ತದೆ. ಬಿಎಕ್ಸ್‌ಟ್ರಾಕ್ಟ್‌ಗೆ ಕ್ಯಾಟಲಾಗೇ ಬೇಡ, ವಾಲ್ಯೂಮಿನಿಂದ ಸೀದಾ ಫೈಲ್ ತೆಗೆದುಕೊಡುತ್ತದೆ.

ಒಂದು ಕಂಪನಿಯ ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಈ ದಾರಿಯನ್ನು ಮರೆತುಬಿಡಿ. ಒಬ್ಬರ ಸೆಟ್ ಇನ್ನೊಬ್ಬರು ಓದುವುದಿಲ್ಲ. ಮಾರಾಟಕ್ಕೆ ಬರುವವರು ಮೈಗ್ರೇಷನ್ ಎಂಬ ಮಾತು ಬಹಳ ಸಲ ಆಡುತ್ತಾರೆ. ಅವರು ಹೇಳುವುದು ಜಾಬ್‌ಗಳ ವಿಷಯವಾ, ಹಳೆ ಡೇಟಾದ ವಿಷಯವಾ ಎಂದು ಬಾಯಿ ಬಿಡಿಸಿ ಕೇಳಿ.

ಟೇಪಿನಲ್ಲಿ ಸಮಯದ ಲೆಕ್ಕವೂ ಇದೆ. ಎಲ್‌ಟಿಒ-4 ಟೇಪ್ 800 ಜಿಬಿ, ಓದುವ ವೇಗ ಸೆಕೆಂಡಿಗೆ 120 ಎಂಬಿ. ತುಂಬಿದ ಒಂದು ಟೇಪ್ ಪೂರ್ತಿ ಓದಲು ಸುಮಾರು ಒಂದು ಗಂಟೆ ಐವತ್ತು ನಿಮಿಷ. ನಲವತ್ತು ಟೇಪಿಗೆ 74 ಗಂಟೆ, ಅದೂ ಡ್ರೈವ್ ಎಲ್ಲೂ ಮುನಿಸಿಕೊಳ್ಳದಿದ್ದರೆ. ಟೇಪ್ ಬದಲಿಸಲು ಒಬ್ಬರು ಪಕ್ಕದಲ್ಲಿ ಕೂರಬೇಕು. ಬ್ಯಾಕಪ್ ಎಕ್ಸೆಕ್ ಟೇಪಿನ ಮೇಲೆಯೇ ಬರೆದಿಟ್ಟ ಕ್ಯಾಟಲಾಗ್ ಬಳಸಿದರೆ ಬೇಗ ಮುಗಿಯುತ್ತದೆ. ಆದರೆ ಒಂದು ಸೆಟ್ ಎರಡು ಟೇಪಿಗೆ ಹಬ್ಬಿ, ಎರಡನೆಯದು ಕಾಣೆಯಾಗಿದ್ದರೆ ಆ ಸೌಲಭ್ಯ ಕೈಕೊಡುತ್ತದೆ.

ಬೇಕಾದದ್ದನ್ನು ತೆಗೆದು ಸಾದಾ ರೂಪದಲ್ಲಿ ಇಡುವುದು

ಕೊನೆಗೆ ನಾನು ಹೆಚ್ಚು ಒಲಿದದ್ದು ಇದಕ್ಕೆ. ಎಲ್ಲ ಟೇಪುಗಳನ್ನೂ ಹೊರುವುದಲ್ಲ. ಪ್ರತಿ ವರ್ಷದ ಮಾರ್ಚ್ 31ರ ನಂತರದ ಫುಲ್ ಬ್ಯಾಕಪ್ ಒಂದನ್ನು ಆರಿಸುವುದು. ಅದರಿಂದ ಲೆಕ್ಕಪತ್ರ, ಸಂಬಳ, ಪಿಎಫ್ ಫೋಲ್ಡರ್‌ಗಳನ್ನು ಮಾಮೂಲಿ ಫೈಲುಗಳಾಗಿ ಹೊರತೆಗೆಯುವುದು. ಅವನ್ನು ಹೊಸ ಸರ್ವರ್‌ನ ದಿನನಿತ್ಯದ ಬ್ಯಾಕಪ್‌ಗೆ ಸೇರಿಸುವುದು. ಆಮೇಲೆ ಹಳೆ ಸಾಫ್ಟ್‌ವೇರ್, ಹಳೆ ಡ್ರೈವ್, ಹಳೆ ಪಾಸ್‌ಫ್ರೇಸ್ ಯಾವುದರ ಹಂಗೂ ಇಲ್ಲ. ಕ್ಲೌಡಿಗೆ ಹಾಕುವ ಯೋಚನೆ ಇದ್ದರೆ, ಕಂಪನಿಗಳು ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನಾ ಇಡಬೇಕೆಂದು 2022ರಲ್ಲಿ ನಿಯಮ ಬಿಗಿಯಾಗಿದೆ, ಗಮನವಿರಲಿ.

ಫೈಲ್ ಹೊರಗೆ ಬಂತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಅದು ತೆರೆಯಬೇಕು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ 2000ದ ಬ್ಯಾಕಪ್ 2012ರಲ್ಲಾಗಲಿ, ಅದರ ನಂತರದ್ದರಲ್ಲಾಗಲಿ ರಿಸ್ಟೋರ್ ಆಗುವುದಿಲ್ಲ. ಮೊದಲು 2008 ಅಥವಾ 2008 ಆರ್2ಗೆ ಹತ್ತಿಸಿ, ಅಲ್ಲಿಂದ ಮತ್ತೆ ಬ್ಯಾಕಪ್ ತೆಗೆದು ಮುಂದಕ್ಕೆ ಹೋಗಬೇಕು. ಟ್ಯಾಲಿ 7.2ರ ಡೇಟಾ ಇದ್ದರೆ ಅದನ್ನೂ ಹೊಸ ಆವೃತ್ತಿಗೆ ಪರಿವರ್ತಿಸಿಯೇ ನೋಡಬೇಕು. ನಾವು ಪ್ರತಿ ವರ್ಷದ ಲೆಡ್ಜರ್, ಡೇ ಬುಕ್, ಟ್ರಯಲ್ ಬ್ಯಾಲೆನ್ಸ್‌ಗಳನ್ನು ಪಿಡಿಎಫ್ ಮತ್ತು ಎಕ್ಸೆಲ್‌ನಲ್ಲೂ ತೆಗೆದಿಟ್ಟೆವು. ಮೂಲ ಡೇಟಾ ಜೊತೆಗಿರಲಿ, ಅದನ್ನು ಎಸೆಯಬೇಡಿ.

ನಮ್ಮ ಕಡೆಯ ವಿಶೇಷ ತೊಂದರೆ ಇನ್ನೊಂದಿದೆ. ನಂಜನಗೂಡಿನಿಂದ ತೆಗೆದ 2009ರ ಪತ್ರಗಳನ್ನು ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಕೊಂಬು. ಬ್ಯಾಕಪ್ ಕೆಟ್ಟಿದೆ ಎಂದು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಗಾಬರಿಯಾದ. ಕೆಟ್ಟಿರಲಿಲ್ಲ. ನುಡಿಯ ಹಳೆ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ರೂಪದಲ್ಲಿ ಬರೆದ ಕಡತಗಳು ಅವು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಫಾಂಟ್ ಹಾಕಿದ ಕೂಡಲೇ "ಮಾನ್ಯರೇ" ಎಂದು ಪತ್ರ ಮಾತಾಡಿತು. ಹಳೆ ನುಡಿ, ಬರಹ ಫಾಂಟುಗಳನ್ನೂ ಆ ಫೋಲ್ಡರಿನಲ್ಲೇ ಇಡಿ. ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಇನ್ನೂ ಒಳ್ಳೆಯದು, ಒತ್ತಕ್ಷರ ತಪ್ಪಿದೆಯಾ ಎಂದು ಕಣ್ಣಾಡಿಸಿ.

ಈ ದಾರಿಯ ಕೊರತೆ ಅಂದರೆ, ಆರಿಸದೆ ಬಿಟ್ಟದ್ದು ಹೋದಂತೆಯೇ. ಜೂನ್‌ನಲ್ಲಿ ಬರೆದು ಡಿಸೆಂಬರ್‌ನಲ್ಲಿ ಅಳಿಸಿದ ಫೈಲು ಮಾರ್ಚ್ ಸೆಟ್‌ನಲ್ಲಿ ಇರುವುದಿಲ್ಲ. ಕೋರ್ಟು ಕಚೇರಿಯ ವ್ಯಾಜ್ಯ ಇದ್ದರೆ ಮೂಲ ಟೇಪನ್ನು ಮುಟ್ಟದೆ ಇಡಿ, ವಕೀಲರನ್ನು ಕೇಳಿ.

ಹೊರಗಿನವರಿಗೆ ಕೊಡುವುದು, ಇಲ್ಲವೇ ಬಿಟ್ಟುಬಿಡುವುದು

ಟೇಪ್ ಓದಿಕೊಡುವ ಸೇವೆಗಳಿವೆ. ಒಂದೆರಡು ಟೇಪಿಗೆ ಡ್ರೈವ್ ಹುಡುಕುವ ಬದಲು ಅವರೇ ವಾಸಿ. ಆದರೆ ಸಂಬಳದ ಡೇಟಾ ಇರುವ ಟೇಪನ್ನು ಕೊರಿಯರ್‌ನಲ್ಲಿ ಕಳಿಸುವುದಕ್ಕೆ ಮುಂಚೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಅವಧಿ ಮುಗಿದದ್ದನ್ನು ಅಳಿಸುವುದೂ ಒಂದು ದಾರಿಯೇ. ಯಾರೂ ಅದನ್ನು ಹೇಳುವ ಧೈರ್ಯ ಮಾಡುವುದಿಲ್ಲ ಅಷ್ಟೇ. ಅಕೌಂಟ್ಸ್ ಮತ್ತು ಮಾಲೀಕರ ಸಹಿ ಇರುವ ಒಂದು ಪಟ್ಟಿ ಸಾಕು. ಎಲ್‌ಟಿಒ ಟೇಪನ್ನು ಡಿಗಾಸ್ ಮಾಡಿದರೆ, ಅಂದರೆ ಬಲವಾದ ಅಯಸ್ಕಾಂತದಿಂದ ಅಳಿಸಿದರೆ, ಡ್ರೈವಿಗೆ ದಾರಿ ತೋರುವ ಸರ್ವೋ ಗುರುತುಗಳೂ ಅಳಿಸಿ ಟೇಪ್ ಮತ್ತೆ ಬಳಕೆಗೆ ಬರುವುದಿಲ್ಲ. ನಮಗೆ ಬೇಕಾದದ್ದೂ ಅದೇ ಅಲ್ವಾ.

ನಾವು ಏನು ಮಾಡಿದೆವು

ಮೈಸೂರಿನ ಹಳೆ ಸರ್ವರ್ ವೀಮ್, ಹೊಸದೂ ವೀಮ್. ಫೈಲುಗಳನ್ನು ನಕಲು ಮಾಡಿ ಇಂಪೋರ್ಟ್ ಮಾಡಿದೆವು. ಒಂದೇ ದಿನದ ಕೆಲಸ, ಹೇಳಿಕೊಳ್ಳುವಂಥದ್ದೇನಿಲ್ಲ.

ನಂಜನಗೂಡಿನದು ಲಿನಕ್ಸ್ ಮೇಲೆ ಬಾಕ್ಯುಲಾ, ಬ್ಯಾಕಪ್ ಡಿಸ್ಕಿನ ಮೇಲೆ. ಅದನ್ನು ವರ್ಚುವಲ್ ಮಷೀನ್ ಮಾಡಿ, ಜಾಬ್ ನಿಲ್ಲಿಸಿ, ರಿಟೆನ್ಷನ್ ಮುಂದಕ್ಕೆ ಹಾಕಿ ಮಲಗಿಸಿದ್ದೇವೆ. ವರ್ಷಾಂತ್ಯದ ಸೆಟ್‌ಗಳನ್ನು ಸಾದಾ ಫೈಲುಗಳಾಗಿಯೂ ತೆಗೆದೆವು. ಹಳೆ ಯಂತ್ರ ಬಿಚ್ಚುವ ಮುಂಚೆ ಪ್ರತಿ ವರ್ಷದಿಂದ ಒಂದು ಫೈಲನ್ನು ಆ ವರ್ಚುವಲ್ ಮಷೀನ್‌ನಿಂದಲೇ ತೆಗೆಸಿದೆ. ತೆಗೆದದ್ದು ನಾನಲ್ಲ. ಹೊಸದಾಗಿ ಸೇರಿದ ಹುಡುಗ, ನಾನು ಬರೆದ ಎರಡು ಪುಟದ ಟಿಪ್ಪಣಿ ನೋಡಿಕೊಂಡು. ಅವನು ಮೂರು ಕಡೆ ಸಿಕ್ಕಿಹಾಕಿಕೊಂಡ. ಆ ಮೂರು ಕಡೆ ಟಿಪ್ಪಣಿ ತಿದ್ದಿದೆ. ನಾನು ಊರಲ್ಲಿಲ್ಲದ ದಿನವೇ ಫೋನ್ ಬರುವುದು ಗ್ಯಾರಂಟಿ.

ಮಂಡ್ಯದ ಟೇಪುಗಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಸಿಕ್ಕ ಎಲ್‌ಟಿಒ-5 ಡ್ರೈವನ್ನು ಕೊಂಡೇಬಿಟ್ಟೆವು. ಒಂದು ಹಳೆ ಡೆಸ್ಕ್‌ಟಾಪ್‌ಗೆ ಟೇಪ್ ಡ್ರೈವಿಗೆ ಬೇಕಾದ ಎಸ್‌ಎಎಸ್ ಕಾರ್ಡ್ ಹಾಕಿ ಜೋಡಿಸಿ, ಎರಡು ವಾರ ರಾತ್ರಿ ಹೊತ್ತು ಕ್ಯಾಟಲಾಗ್ ಮಾಡಿಸಿ, ಬೇಕಾದ ವರ್ಷಗಳನ್ನು ಹೊರತೆಗೆದೆವು. ಆ ಡ್ರೈವ್ ಈಗ ಅಕೌಂಟ್ಸ್ ಮೇಡಂ ಟೇಬಲ್ ಕೆಳಗಿದೆ. ಅದರ ಮೇಲೆ ಮೇಡಂ ತಾವೇ ದಪ್ಪ ಮಾರ್ಕರ್‌ನಲ್ಲಿ ಬರೆದು ಅಂಟಿಸಿದ್ದಾರೆ: "31 ಮಾರ್ಚ್ 2027ರವರೆಗೆ ಗುಜರಿಗೆ ಕೊಡಬಾರದು. ಕೇಳದೆ ಮುಟ್ಟಬಾರದು." ಪಾಸ್‌ಫ್ರೇಸ್ ಇರುವ ಲಕೋಟೆ ಕ್ಯಾಷ್ ಬೀರುವಿನಲ್ಲಿದೆ, ಯುಪಿಎಸ್ ಮ್ಯಾನ್ಯುಯಲ್ ಜೊತೆಗೆ.